ಅಂಜೂರದ ಹಾಲು, ಇಪ್ಪತ್ತೇಳನೇ ಪುಟ

ಮಾರ್ಚ್ 4, ಮಂಗಳವಾರ

ಈ ಡೈರಿ ನನ್ನದಲ್ಲ. ಗುಂಡಿ, ದಾರ ಮಾರುವ ಅಂಗಡಿಯವರು ಅಕ್ಕನಿಗೆ ಕೊಟ್ಟದ್ದು. ಅವಳು ಮೊದಲ ನಾಲ್ಕು ಪುಟಗಳಲ್ಲಿ ಯಾರದೋ ಸೊಂಟ, ತೋಳುದ್ದ ಬರೆದು, "ಗೆರೆ ತೀರಾ ಹತ್ತಿರ ಹತ್ತಿರ ಇದೆ, ಕಣ್ಣು ಹೋಗುತ್ತೆ. ನೀನೇ ಇಟ್ಕೋ" ಎಂದು ನನ್ನ ಕಡೆ ತಳ್ಳಿದಳು. ಇಪ್ಪತ್ತಾರು ವರ್ಷದಿಂದ ಪ್ರೆಸ್ಸಿನಲ್ಲಿ ಕೂತು ಬೇರೆಯವರು ಬರೆದದ್ದನ್ನು ತಿದ್ದಿದ್ದೇನೆ. ಇಲ್ಲಿ ತಿದ್ದುವವರಿಲ್ಲ, ಮನಸ್ಸಿಗೆ ಬಂದದ್ದು ಬರೆಯಬಹುದು. ಬರೆಯುವುದೇನು ಎನ್ನುವುದೇ ಗೊತ್ತಾಗುತ್ತಿಲ್ಲ.

ಇವತ್ತು ನಾಟಿ ಔಷಧಿ ಕೊಡುವ ಪಂಡಿತರೊಬ್ಬರ ಪುಸ್ತಕದ ಪ್ರೂಫ್ ಬಂತು. ಅಂಜೂರದ ಗಿಡದ ಔಷಧಿ ಗುಣಗಳು, ಬೇರಿನಿಂದ ಹಣ್ಣಿನವರೆಗೆ. ಓದುತ್ತ ಓದುತ್ತ ತಲೆ ಕೆಟ್ಟುಹೋಯಿತು. ನೆನೆಸಿದ ಮೂರು ಒಣ ಅಂಜೂರ ಬೆಳಗ್ಗೆ ತಿಂದರೆ ಹೊಟ್ಟೆ ಸಲೀಸಾಗುತ್ತದೆ ಎಂದು ಒಂಬತ್ತನೇ ಪುಟ. ಅಂಜೂರದಿಂದ ಭೇದಿ ನಿಲ್ಲುತ್ತದೆ ಎಂದು ಮೂವತ್ತೊಂದನೇ ಪುಟ. ಎಲೆಯ ಕಷಾಯ ಸಕ್ಕರೆ ಕಾಯಿಲೆಗೆ ಒಳ್ಳೆಯದು, ಹಣ್ಣನ್ನು ಮಾತ್ರ ಸಕ್ಕರೆ ಕಾಯಿಲೆಯವರು ಮುಟ್ಟಬಾರದು. ಮೂಳೆಗೆ, ರಕ್ತಕ್ಕೆ, ಕೆಮ್ಮಿಗೆ, ಕೂದಲಿಗೆ. ಒಂದೇ ಗಿಡ ಕಟ್ಟುವುದೂ ಬಿಡಿಸುವುದೂ ಹೇಗೆ?

ಅಕ್ಕನಿಗೆ ಓದಿ ಹೇಳಿದರೆ, "ಹಾಗಾದ್ರೆ ಊರಿಗೊಂದು ಗಿಡ ನೆಟ್ಟು ಆಸ್ಪತ್ರೆಗೆ ಬೀಗ ಜಡಿದ್ರಾಯ್ತು" ಎಂದಳು. ನಮ್ಮ ಹಿತ್ತಿಲ ನಲ್ಲಿಯ ಪಕ್ಕದಲ್ಲೂ ಒಂದು ಅಂಜೂರದ ಗಿಡ ಇದೆ. ನೆಟ್ಟವರು ಯಾರೋ, ತಿನ್ನುವವರು ಗಿಳಿಗಳು.

ಪುಸ್ತಕ ನಿಜವೋ ಸುಳ್ಳೋ, ನನಗೇಕೆ? ಅಕ್ಷರ ನೋಡುವುದು ನನ್ನ ಕೆಲಸ. 'ಕಷಾಯ'ಕ್ಕೆ ಸರಿಯಾದ ಷ ಬಿದ್ದಿದೆಯೇ ಅಂತ ನೋಡಿದರೆ ಸಾಕು.

ಮಾರ್ಚ್ 6, ಗುರುವಾರ

ಭಾವ ತೀರಿಕೊಂಡ ಮೇಲೆ ಅಕ್ಕ ತನ್ನ ಹೊಲಿಗೆ ಯಂತ್ರದ ಸಮೇತ ನನ್ನ ಮನೆಗೆ ಬಂದು ಎರಡು ವರ್ಷವಾಯಿತು. ಮುಂದಿನ ಕೋಣೆ ಅವಳ ಅಂಗಡಿ. ನಾನು ಅಡುಗೆಮನೆಯ ಮೇಜಿನ ಮೇಲೆ ಪ್ರೂಫ್ ಹರಡಿಕೊಂಡು ಕೂರುತ್ತೇನೆ. ಯಂತ್ರ ತಟತಟ ಅನ್ನುವಾಗ ಒತ್ತಕ್ಷರಗಳೆಲ್ಲ ನಡುಗಿದ ಹಾಗೆ ಕಾಣುತ್ತವೆ. ನನಗೆ ನಲವತ್ತೊಂಬತ್ತು. ಗಿರಾಕಿಗಳ ಎದುರಿಗೇ ಇನ್ನೂ "ಪುಟ್ಟೀ, ಟೀ ಇಡೇ" ಅನ್ನುತ್ತಾಳೆ.

ಎರಡು ಬೀದಿ ಆಚೆ ಒಂದು ಕೋಣೆ ಬಾಡಿಗೆಗೆ ಖಾಲಿ ಇದೆ. ಇವತ್ತು ಹೋಗಿ ನೋಡಿಬಂದೆ. ಮಹಡಿಯ ಮೇಲೆ, ಕಿಟಕಿಯಿಂದ ಬೆಳಕು ನೇರ ಮೇಜಿಗೆ ಬೀಳುತ್ತದೆ. ಮನೆಯೊಡತಿ ಮಿತಭಾಷಿ. ಮನಸ್ಸಿಗೆ ಹಿಡಿಸಿತು. ಅಕ್ಕನಿಗೆ ಇನ್ನೂ ಹೇಳಿಲ್ಲ. ಬಾಯಿ ತೆರೆದರೆ ರಂಪ.

ಪ್ರೆಸ್ಸಿನಲ್ಲಿ ಬೇರೆ ತಲೆನೋವು. ಪುಸ್ತಕ ಅರವತ್ತನಾಲ್ಕು ಪುಟಕ್ಕೆ ನಿಲ್ಲಬೇಕು, ಆದರೆ ನಾಲ್ಕು ಸಾಲು ಅರವತ್ತೈದನೇ ಪುಟಕ್ಕೆ ಹಾರಿವೆ. ಯಜಮಾನರು, "ನಾಲ್ಕು ಸಾಲಿಗೋಸ್ಕರ ಹದಿನಾರು ಪುಟದ ಇನ್ನೊಂದು ಫಾರಂ ಅಚ್ಚು ಹಾಕೋಕಾಗುತ್ತಾ? ಎಲ್ಲಾದ್ರೂ ಕತ್ತರಿಸಿಬಿಡಿ" ಎಂದರು. ಪಂಡಿತರು ಹೇಳಿದ್ದನ್ನೇ ಹೇಳುವವರು. ನಾಲ್ಕು ಕಡೆ ಕೆಂಪು ಶಾಯಿಯಲ್ಲಿ ಒಂದೊಂದು ಸಾಲು ಹೊಡೆದುಹಾಕಿದೆ. ಹತ್ತು ನಿಮಿಷದ ಕೆಲಸ. ಪುಟ ಚೊಕ್ಕವಾಗಿ ನಿಂತಿತು.

ಮಾರ್ಚ್ 12, ಬುಧವಾರ

ಮರುಪ್ರೂಫಿಗೆ ಪಂಡಿತರು ಸಹಿ ಹಾಕಿ ಕಳಿಸಿದ್ದಾರೆ. ಅಚ್ಚಿಗೆ ಹೋಯಿತು. ಹಳೆಯ ಪ್ರೂಫುಗಳನ್ನು ಯಥಾಪ್ರಕಾರ ಮೊನ್ನೆಯೇ ಮನೆಗೆ ತಂದಿದ್ದೆ. ಅವುಗಳ ಹಿಂಬದಿ ಖಾಲಿ ಇರುತ್ತದೆ, ಅಕ್ಕ ಅದರಲ್ಲಿ ಕಾಲರು, ಜೇಬು ಕತ್ತರಿಸಿ ಮಾದರಿ ಮಾಡಿಕೊಳ್ಳುತ್ತಾಳೆ.

ಅವಳಿಗೆ ಶಾಲೆಯೊಂದರಿಂದ ನಲವತ್ತು ಅಂಗಿಗಳ ಕೆಲಸ ಬಂದಿದೆ. ಇವತ್ತಿಡೀ ಬಟ್ಟೆ ನೆನೆಸಿ, ಹಿಂಡಿ, ಹಿತ್ತಿಲಲ್ಲಿ ಹರವುತ್ತಿದ್ದಳಂತೆ. ನಾನು ಬಂದಾಗ ಮುಖ ಕೆಂಪಗಾಗಿತ್ತು. "ಮೊದಲೇ ಕುಗ್ಗಿಸಿದ್ರೆ ಆಮೇಲೆ ಬೈಸಿಕೊಳ್ಳೋದು ತಪ್ಪುತ್ತೆ" ಎಂದಳು. ಖುಷಿಯಲ್ಲಿದ್ದಳು. ಕೋಣೆಯ ವಿಷಯ ಹೇಳೋಣವೆಂದುಕೊಂಡೆ, ಹೇಳಲಿಲ್ಲ.

ಮಾರ್ಚ್ 14, ಶುಕ್ರವಾರ

ಅಕ್ಕನ ಬಲಗೈ ಕೆಂಪಾಗಿದೆ. ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿನವರೆಗೆ. ಉರಿಯುತ್ತಿದೆ ಅಂತಾಳೆ. ಇಸ್ತ್ರಿಪೆಟ್ಟಿಗೆ ತಾಗಿತೇ ಅಂದರೆ, ಇರಬಹುದು ಅಂತಾಳೆ. ಇಸ್ತ್ರಿ ತಾಗಿದರೆ ಆ ಗಳಿಗೆಯಲ್ಲೇ ಗೊತ್ತಾಗುವುದಿಲ್ಲವೇ? ಇರಬಹುದು ಎಂದರೆ ಏನರ್ಥ?

ಮಾರ್ಚ್ 15, ಶನಿವಾರ

ಬೊಬ್ಬೆಗಳು. ಬೆಳಗ್ಗೆ ಎದ್ದು ನೋಡಿದರೆ ಮೂರು, ಮಧ್ಯಾಹ್ನಕ್ಕೆ ಒಂಬತ್ತು. ಒಂದು ದೊಡ್ಡದು, ದ್ರಾಕ್ಷಿಯ ಹಾಗೆ. ಉಳಿದವು ಸಾಲಾಗಿ, ಯಾರೋ ನೀರು ಸುರಿದು ಅದು ಹರಿದ ದಾರಿಯಲ್ಲೇ ಎದ್ದಂತೆ. ಇಂಥ ಸುಟ್ಟ ಗಾಯ ನಾನು ಕಂಡಿಲ್ಲ.

ಡಾಕ್ಟರು ವಯಸ್ಸಿನಲ್ಲಿ ನಮ್ಮಿಬ್ಬರಿಗಿಂತ ಚಿಕ್ಕವರು, ತಾಳ್ಮೆಯವರು. "ಬಿಸಿನೀರು, ಎಣ್ಣೆ, ಹಬೆ, ಏನಾದ್ರೂ ತಾಗಿತ್ತಾ? ಹೊಸ ಸೋಪು? ಏನಾದ್ರೂ ಹಚ್ಕೊಂಡ್ರಾ?" ಎಂದು ಕೇಳಿದರು.

ಅಕ್ಕ ನನ್ನ ಮುಖ ನೋಡಿದಳು. ಆಮೇಲೆ ಗೋಡೆ ನೋಡಿದಳು. "ಇಲ್ಲ ಡಾಕ್ಟ್ರೇ. ನಾನ್ಯಾಕೆ ಏನಾದ್ರೂ ಹಚ್ಕೊಳ್ಳಲಿ?"

ಪಟ್ಟಿ ಕಟ್ಟಿ, ಮುಲಾಮು ಬರೆದುಕೊಟ್ಟರು. ಕೈ ಬಳಸಬೇಡಿ ಎಂದರು. ಹೊರಗೆ ಬಂದಮೇಲೆ ಅಕ್ಕ, "ಕೈ ಬಳಸಬೇಡಿ ಅಂದ್ರೆ ಮೂಗಲ್ಲಿ ಹೊಲೀಲಾ?" ಎಂದಳು. ನಗಲಿಲ್ಲ ಮಾತ್ರ.

ಮಾರ್ಚ್ 17, ಸೋಮವಾರ

ರಜೆ ಹಾಕಿದೆ. ಅಕ್ಕನಿಗೆ ತಲೆ ಬಾಚಿದೆ, ಊಟ ಕಲಸಿ ಕೊಟ್ಟೆ, ಎಡಗೈಯಲ್ಲಿ ಚಮಚ ಹಿಡಿದು ಅರ್ಧ ಮೈಮೇಲೆ ಚೆಲ್ಲಿಕೊಂಡಳು. ಕೊನೆಗೆ ನಾನೇ ತುತ್ತಿಟ್ಟೆ. ಇಬ್ಬರೂ ಬೇರೆ ಬೇರೆ ಕಡೆ ನೋಡಿಕೊಂಡೆವು.

ನಲವತ್ತು ಅಂಗಿಗಳಲ್ಲಿ ಹನ್ನೊಂದು ಮುಗಿದಿವೆ, ಗುಂಡಿ ಬಿಟ್ಟು. ಗುಂಡಿ ನಾನು ಹಚ್ಚುತ್ತಿದ್ದೇನೆ. ಪಕ್ಕದಲ್ಲಿ ಕೂತು, "ದಾರ ಅಷ್ಟು ಬಿಗಿಬೇಡ, ಗುಂಡಿಗೂ ಉಸಿರಾಡೋಕೆ ಬಿಡು" ಅಂತಾಳೆ. ಉಳಿದ ಬಟ್ಟೆ ನೆನೆಸಿ ಹಿಂಡಿದ್ದೆ. ಹಿತ್ತಿಲಿಗೆ ತೆಗೆದುಕೊಂಡು ಹೋಗುತ್ತಿದ್ದರೆ ಕೂಗಿಕೊಂಡಳು: "ಆ ಗಿಡದ ಹತ್ತಿರ ಹೋಗ್ಬೇಡ! ಒಳಗೇ ಹರವು."

"ಯಾಕೆ?"

"ಗಿಳಿ ಗಲೀಜು ಮಾಡುತ್ತೆ."

ಎರಡು ವರ್ಷದಿಂದ ಅದೇ ಗಿಡದ ಪಕ್ಕ ಒಣಗಿಸಿದ ಬಟ್ಟೆಗೆ ಇಲ್ಲದ ಗಿಳಿ ಈಗೆಲ್ಲಿಂದ ಬಂತು? ಕೇಳಿದರೆ ಸುಮ್ಮನಾದಳು. ಅಕ್ಕ ಸುಮ್ಮನಾಗುವುದು ನನಗೆ ಅಭ್ಯಾಸವಿಲ್ಲ. ನೋವಿಗೋ? ಅಂಗಿಗಳ ಚಿಂತೆಗೋ? ನನ್ನ ಮೇಲೆ ಕೋಪವೋ? ಕೋಣೆ ನೋಡಿಬಂದದ್ದು ಯಾರಾದರೂ ಹೇಳಿರಬಹುದೇ?

ಕೋಣೆಯ ಮನೆಯೊಡತಿ ಫೋನ್ ಮಾಡಿದ್ದರು. ಆಮೇಲೆ ಹೇಳುತ್ತೇನೆ ಎಂದೆ. ಬಾಯಲ್ಲಿ ದಾರ ಇತ್ತು.

ಮಾರ್ಚ್ 19, ಬುಧವಾರ

ಪಟ್ಟಿ ಬದಲಿಸಲು ಹೋಗಿದ್ದೆವು. ಬೊಬ್ಬೆ ಒಡೆದ ಜಾಗ ಕಂದುಬಣ್ಣಕ್ಕೆ ತಿರುಗುತ್ತಿದೆ. ಡಾಕ್ಟರು ಕೈಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಇದು ಇಸ್ತ್ರಿಪೆಟ್ಟಿಗೆ ಅಲ್ಲ. ಇಲ್ಲಿ ನೋಡಿ, ಹನಿ ಇಳಿದ ಗುರುತು. ಯಾವುದಾದ್ರೂ ಗಿಡದ ರಸ ತಾಗಿತ್ತಾ? ನಿಂಬೆ? ಅಂಜೂರದ ಹಾಲು? ತಾಗಿ ಆಮೇಲೆ ಬಿಸಿಲಿಗೆ ಹೋದ್ರೆ ಹೀಗಾಗುತ್ತೆ. ಅವತ್ತೇ ಗೊತ್ತಾಗಲ್ಲ, ಒಂದೆರಡು ದಿನ ಬಿಟ್ಟು ಏಳುತ್ತೆ."

"ಇಲ್ಲ" ಎಂದಳು ಅಕ್ಕ, ಪ್ರಶ್ನೆ ಮುಗಿಯುವುದಕ್ಕೆ ಮೊದಲೇ.

ಅಂಜೂರದ ಹಾಲು. ಆ ಮಾತು ನಾನು ಓದಿದ್ದೇನೆ. ಎಲ್ಲಿ, ಯಾವ ಪುಟ, ಮುಂದೇನಿತ್ತು, ಒಂದೂ ನೆನಪಾಗಲಿಲ್ಲ. ಅಕ್ಷರ ಅಕ್ಷರವಾಗಿ ಎರಡು ಸಲ ಓದಿದ ಪುಸ್ತಕ!

ಅಕ್ಕನನ್ನು ಮನೆಗೆ ಬಿಟ್ಟು ಪ್ರೆಸ್ಸಿಗೆ ಓಡಿದೆ. ಪಂಡಿತರ ಹಸ್ತಪ್ರತಿ ಕಪಾಟಿನಲ್ಲಿತ್ತು. ಅಚ್ಚಾದ ಪ್ರತಿಗಳ ಕಟ್ಟು ಬಾಗಿಲ ಬಳಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ.

ಹಸ್ತಪ್ರತಿ: "ಎಳೆಗಾಯಿಯ ಅಥವಾ ಎಲೆಯ ತೊಟ್ಟು ಮುರಿದಾಗ ಒಸರುವ ಹಾಲನ್ನು ನರಹುಲಿಯ ಮೇಲೆ ಹಚ್ಚುವುದು. ಹಾಲು ತಾಗಿದ ಚರ್ಮಕ್ಕೆ ಬಿಸಿಲು ಬೀಳಬಾರದು, ಬಿದ್ದರೆ ಸುಟ್ಟಂತೆ ಬೊಬ್ಬೆ ಏಳುವುದು."

ಅಚ್ಚಾದ ಇಪ್ಪತ್ತೇಳನೇ ಪುಟದಲ್ಲಿ ಮೊದಲ ವಾಕ್ಯ ಇದೆ. ಎರಡನೆಯದಿಲ್ಲ. ತೆಗೆದವಳು ನಾನು. ಅದರ ಹಿಂದಿನ ಪುಟದಲ್ಲಿ ಹಣ್ಣನ್ನು ಬಿಸಿಲಿನಲ್ಲಿ ಒಣಗಿಸುವ ಮಾತಿತ್ತು. ಬಿಸಿಲು, ಬಿಸಿಲು, ಮತ್ತೆ ಅದೇ ರಾಗ ಅಂದುಕೊಂಡಿದ್ದೆ ಅಂತ ಕಾಣುತ್ತದೆ. ಅಥವಾ ಏನೂ ಅಂದುಕೊಂಡಿರಲಿಲ್ಲ.

ಅಕ್ಕನ ಬಲಗೈ ಹೆಬ್ಬೆರಳ ಬುಡದಲ್ಲಿ ಮೂರು ನರಹುಲಿಗಳಿದ್ದವು. ಕತ್ತರಿ ಉಜ್ಜುತ್ತದೆ ಎಂದು ಗೊಣಗುತ್ತಿದ್ದಳು.

ಆದರೆ ಅವಳು ಹಚ್ಚಿಕೊಂಡೇ ಇಲ್ಲ ಅನ್ನುತ್ತಾಳಲ್ಲ?

ಮಾರ್ಚ್ 20, ಗುರುವಾರ

ಕೇಳಿದೆ. ಇಲ್ಲ ಎಂದಳು.

ಮತ್ತೆ ಕೇಳಿದೆ. "ನಿನಗೇನು ಪೊಲೀಸ್ ಕೆಲಸ ಸಿಕ್ಕಿದೆಯಾ?" ಎಂದಳು.

ಮಾರ್ಚ್ 21, ಶುಕ್ರವಾರ

ಏನೂ ತಿಳಿಯುತ್ತಿಲ್ಲ. ಅಕ್ಕ ಹಚ್ಚಿಕೊಂಡಿಲ್ಲದಿದ್ದರೆ ನನ್ನ ತಪ್ಪಿಲ್ಲ. ಅವಳು ಇಲ್ಲ ಎಂದಾಗಲೆಲ್ಲ ಎದೆ ಹಗುರಾಗುತ್ತದೆ, ಮರುಕ್ಷಣ ನಾಚಿಕೆಯಾಗುತ್ತದೆ. ತಪ್ಪಿಲ್ಲ ಎಂದುಕೊಂಡರೂ ಆ ಸಾಲು ಪುಸ್ತಕದಲ್ಲಿ ಇಲ್ಲವೇ ಇಲ್ಲ. ಇನ್ನೂರು ಪ್ರತಿ ಅಂಗಡಿಗಳಿಗೆ ಹೋಗಿವೆ. ಎಂಟು ನೂರು ಬಾಗಿಲ ಬಳಿ ಕೂತಿವೆ. ಯಜಮಾನರಿಗೆ ಹೇಳಲೇ? ಏನೆಂದು ಹೇಳಲಿ?

ಆರು ಅಂಗಿ ಹೊಲಿದೆ. ಯಂತ್ರದ ಮೇಲೆ ನಾನು, ಪಕ್ಕದ ಸ್ಟೂಲಿನ ಮೇಲೆ ಅಕ್ಕ. ಎರಡರ ತೋಳು ಉಲ್ಟಾ.

ಮಾರ್ಚ್ 22, ಶನಿವಾರ

ಕಾಲರಿನ ಮಾದರಿ ಬೇಕಾಗಿತ್ತು. ಅಕ್ಕ ಸ್ನಾನಕ್ಕೆ ಹೋಗಿದ್ದಳು, ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಟ್ಟಿದ್ದೆ. ಯಂತ್ರದ ಖಾನೆ ಎಳೆದೆ. ದಾರದ ಉಂಡೆಗಳ ಕೆಳಗೆ ನಾಲ್ಕಾಗಿ ಮಡಿಸಿದ ಪ್ರೂಫ್ ಹಾಳೆ. ಮಾದರಿ ಕತ್ತರಿಸಿರಲಿಲ್ಲ. ಬಿಡಿಸಿದೆ.

ಇಪ್ಪತ್ತೇಳನೇ ಪುಟ. ಮೊದಲ ಪ್ರೂಫ್. ಎರಡನೆಯ ವಾಕ್ಯದ ಮೇಲೆ ನನ್ನ ಕೆಂಪು ಗೆರೆ ನೆಟ್ಟಗಿತ್ತು. ಅಳತೆಪಟ್ಟಿ ಇಟ್ಟು ಎಳೆದದ್ದು. ಅಂಚಿನಲ್ಲಿ ನನ್ನದೇ ಕೈಬರಹ: "ತೆಗೆಯಿರಿ."

ಅಕ್ಕ ತಲೆ ಒರೆಸಿಕೊಳ್ಳುತ್ತ ಬಂದವಳು ಬಾಗಿಲಲ್ಲೇ ನಿಂತಳು.

"ಓದಿದ್ದೆಯಲ್ಲ" ಎಂದೆ.

"ಓದಿದ್ದೆ."

"ಹೊಡೆದುಹಾಕಿದ ಸಾಲನ್ನೂ ನೀನು ಓದಿದ್ದೀಯ. ಅಕ್ಷರ ಕಾಣುತ್ತೆ. ಬಿಸಿಲು ಬೀಳಬಾರದು ಅಂತ ಇದೆಯಲ್ಲ ಅಕ್ಕಾ, ಓದಿಯೂ ಬಿಸಿಲಲ್ಲಿ ನಿಂತೆಯಾ?"

ಅಕ್ಕ ಸ್ಟೂಲಿನ ಮೇಲೆ ಕೂತಳು. "ನೀನು ಹೊಡೆದುಹಾಕಿದ್ದೀಯಲ್ಲ ಪುಟ್ಟಿ. ತಪ್ಪಿರಬೇಕು ಅಂದ್ಕೊಂಡೆ. ನೀನು ಕೆಂಪು ಗೆರೆ ಎಳೆದ ಸಾಲು ಯಾವತ್ತಾದ್ರೂ ಸರಿ ಇತ್ತಾ?"

ಹಾಳೆಯನ್ನು ಮತ್ತೆ ನಾಲ್ಕಾಗಿ ಮಡಿಸಿದೆ.

"ಅವರ ಮಾತು ನಂಬಿ ಹಚ್ಕೊಂಡೆ ಅಂತೀಯಾ? ಆ ಪಂಡಿತ ಯಾರು ಅಂತಾನೇ ನನಗೆ ಗೊತ್ತಿಲ್ಲ. ನಮ್ಮ ಪುಟ್ಟಿ ನೋಡಿದ್ದಾಳೆ, ಸರಿ ಇಲ್ಲದ್ದು ತೆಗೆದಿದ್ದಾಳೆ, ಉಳಿದದ್ದು ಸರಿ ಇದೆ ಅಂತ ಹಚ್ಕೊಂಡೆ."

"ಮತ್ತೆ ಡಾಕ್ಟರಿಗೆ ಯಾಕೆ ಹೇಳಲಿಲ್ಲ?"

"ಬೊಬ್ಬೆ ಎದ್ದ ದಿನ ಈ ಹಾಳೆ ಮತ್ತೆ ತೆಗೆದು ನೋಡಿದೆ. ಅರ್ಥ ಆಯ್ತು. ಹೇಳಿದ್ರೆ ನೀನು ಅಲ್ಲೇ ಇದ್ದೆ, ನಿನಗೂ ಅರ್ಥ ಆಗ್ತಿತ್ತು. ಕೈ ಹೇಗಿದ್ರೂ ವಾಸಿ ಆಗುತ್ತೆ." ಒದ್ದೆ ಕೂದಲು ಹಿಂದಕ್ಕೆ ತಳ್ಳಿ, "ನಿನ್ನನ್ನ ಬಲ್ಲೆ. ಒಂದು ಕೊಂಬು, ಒಂದು ಇಳಿ ತಪ್ಪಿದ್ರೆ ವಾರಗಟ್ಟಲೆ ಊಟ ಬಿಡೋಳು" ಎಂದಳು.

ಏನು ಹೇಳಬೇಕಿತ್ತೋ. ಕ್ಷಮಿಸು ಎಂದೆನೋ ಇಲ್ಲವೋ, ಅದೂ ಸರಿಯಾಗಿ ನೆನಪಿಲ್ಲ. ಅವಳ ಕೈಗೆ ಕಟ್ಟಿದ್ದ ಚೀಲ ಬಿಚ್ಚುತ್ತಿದ್ದೆ, ಗಂಟು ಬಿಗಿಯಾಗಿತ್ತು, ಬಿಚ್ಚಿಕೊಳ್ಳಲೇ ಇಲ್ಲ. ಅಕ್ಕ, "ಹಲ್ಲಲ್ಲಿ ಎಳಿ" ಎಂದಳು.

ಮಾರ್ಚ್ 24, ಸೋಮವಾರ

ಡಾಕ್ಟರಿಗೆ ಬೆಳಗ್ಗೆಯೇ ಹೇಳಿದೆವು. ಬೈಯಲಿಲ್ಲ. ಮುಲಾಮು ಬದಲಿಸಿದರು. ನರಹುಲಿಗೆ ಬೇರೆ ದಾರಿ ಇದೆ, ಗಿಡದ ಹಾಲು ಬೇಡವೇ ಬೇಡ ಎಂದರು. ಕಲೆ ಮಾಸಲು ತಿಂಗಳುಗಳೇ ಬೇಕಂತೆ.

ಅಲ್ಲಿಂದ ಪ್ರೆಸ್ಸಿಗೆ. ಯಜಮಾನರಿಗೆ ಎಲ್ಲ ಹೇಳಿ ಹಾಳೆ ಮುಂದಿಟ್ಟೆ. ಕನ್ನಡಕ ಹಣೆಗೇರಿಸಿ ನೋಡಿದರು. "ಇದ್ದದ್ದು ತೆಗೆದಿದ್ದೀರಿ. ಇಲ್ಲದ್ದು ಸೇರಿಸಿಲ್ಲವಲ್ಲ. ಲೇಖಕರೇ ಸಹಿ ಹಾಕಿದ್ದಾರೆ. ಬಿಡಿ."

"ಅಂಗಡಿಯಿಂದ ಪ್ರತಿಗಳನ್ನ ವಾಪಸ್ ತರಿಸಬೇಕು ಸರ್."

"ಒಂದು ಸಾಲಿಗೋಸ್ಕರ?"

"ನಮ್ಮಕ್ಕನ ಕೈ ನೋಡ್ತೀರಾ? ಹೊರಗೆ ಕೂತಿದ್ದಾಳೆ. ಕರೀಲಾ?"

ಧ್ವನಿ ಯಾಕೆ ಅಷ್ಟು ಏರಿತೋ ಗೊತ್ತಿಲ್ಲ. ಯಂತ್ರದವರು ಯಂತ್ರ ನಿಲ್ಲಿಸಿದರು. ಯಜಮಾನರು ಅಕ್ಕನನ್ನು ಕರೆಸಲಿಲ್ಲ, ಪಂಡಿತರನ್ನು ಕರೆಸಿದರು.

ಪಂಡಿತರು ಬಂದದ್ದು ಗೋಡೆ ಸವರಿಕೊಂಡು. ಹಾಳೆ ಕೊಟ್ಟರೆ ಮೂಗಿಗೆ ತಾಗಿಸಿ ಹಿಡಿದರು, ಕೆಳಗಿಟ್ಟರು. "ಸಹಿ ಹಾಕಿದೆ ತಾಯಿ, ಓದಲಿಲ್ಲ. ಕಣ್ಣಿಗೆ ಪೊರೆ ಬಂದು ವರ್ಷ ಆಯ್ತು. ಎಲ್ಲರಿಗೂ ಮದ್ದು ಹೇಳೋನು ತನಗೆ ಕಣ್ಣು ಕಾಣಲ್ಲ ಅಂತ ಹೇಗೆ ಹೇಳಲಿ?"

ಅವರ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅದರ ಬದಲು ಮೊದಲ ದಿನದಿಂದ ತಲೆ ತಿನ್ನುತ್ತಿದ್ದದ್ದನ್ನು ಕೇಳಿಬಿಟ್ಟೆ. "ಪಂಡಿತರೇ, ಈ ಅರವತ್ತನಾಲ್ಕು ಪುಟದಲ್ಲಿ ನೀವು ಕಣ್ಣಾರೆ ಕಂಡದ್ದು ಎಷ್ಟು?"

ಬೆರಳು ಮಡಿಸುತ್ತ ಎಣಿಸಿದರು. "ನೆನೆಸಿದ ಹಣ್ಣು ಹೊಟ್ಟೆ ಸಡಿಲಿಸುತ್ತೆ. ಕಂಡಿದ್ದೀನಿ. ಈ ಹಾಲು ಬಿಸಿಲಿಗೆ ಸುಡುತ್ತೆ. ಅದೂ ಕಂಡಿದ್ದೀನಿ, ನನ್ನ ಕೈಮೇಲೇ. ಎಲೆ ಕಷಾಯ ಕುಡಿದು ಸಕ್ಕರೆ ಇಳೀತು ಅಂದೋರು ಇದ್ದಾರೆ, ಆದ್ರೆ ಅವರು ಮಾತ್ರೆನೂ ನುಂಗ್ತಿದ್ರು. ಯಾವುದರಿಂದ ಇಳೀತೋ. ಮಿಕ್ಕಿದ್ದು ಅಲ್ಲಿ ಇಲ್ಲಿ ಕೇಳಿದ್ದು, ಓದಿದ್ದು."

ಕಂಡ ಎರಡರಲ್ಲಿ ಒಂದನ್ನು ನಾನು ಹೊಡೆದುಹಾಕಿದ್ದೆ.

ಮಾರ್ಚ್ 27, ಗುರುವಾರ

ಯಜಮಾನರು ತಿದ್ದುಪಡಿ ಚೀಟಿಗೆ ಒಪ್ಪಿದರು. ನಾನು ಬರೆದದ್ದು: "27ನೇ ಪುಟದಲ್ಲಿ ಅನವಧಾನದಿಂದ ಬಿಟ್ಟುಹೋದ ವಾಕ್ಯವನ್ನು ಈ ಕೆಳಕಂಡಂತೆ ಸೇರಿಸಿ ಓದಿಕೊಳ್ಳತಕ್ಕದ್ದು." ಅಕ್ಕ ಕೇಳಿ, "ಇದನ್ನ ಓದೋಷ್ಟರಲ್ಲಿ ಬೊಬ್ಬೆ ಎದ್ದು ಒಣಗಿರುತ್ತೆ" ಎಂದಳು. ಅವಳು ಹೇಳಿದ ಹಾಗೇ ಬರೆದುಕೊಂಡೆ:

"ಅಂಜೂರದ ಹಾಲು ಮೈಗೆ ಹಚ್ಚಬೇಡಿ. ತಾಗಿದ್ದರೆ ಸೋಪು ನೀರಲ್ಲಿ ತೊಳೆದು, ಬಟ್ಟೆ ಮುಚ್ಚಿ, ಬಿಸಿಲಿಗೆ ಹೋಗಬೇಡಿ. ಉರಿದರೆ ಡಾಕ್ಟರ ಹತ್ತಿರ ಹೋಗಿ, ನಿಜ ಹೇಳಿ. ಸಕ್ಕರೆ ಕಾಯಿಲೆಯವರು ಕಷಾಯ ನಂಬಿ ಮಾತ್ರೆ ಬಿಡಬೇಡಿ."

ಕೊನೆಯ ಸಾಲಿಗೆ ಪಂಡಿತರು ತಾವಾಗಿ ತಲೆಯಾಡಿಸಿದರು. ಯಜಮಾನರು, "ಹೀಗೆ ಹಾಕಿದ್ರೆ ಪುಸ್ತಕ ಯಾರು ಕೊಳ್ತಾರೆ?" ಎಂದರು. ಆದರೂ ಹಾಕಿದರು.

ಅಂಗಡಿಗಳನ್ನು ನಾನೇ ಸುತ್ತಿದೆ. ಇನ್ನೂರರಲ್ಲಿ ನೂರ ಎಂಬತ್ತೊಂಬತ್ತು ವಾಪಸ್ ಬಂದವು. ಹನ್ನೊಂದು ಮಾರಾಟವಾಗಿವೆ. ಯಾರು ಕೊಂಡರೋ, ಯಾರ ಮನೆಯಲ್ಲಿ ಗಿಡ ಇದೆಯೋ, ಯಾರ ಕೈಮೇಲೆ ನರಹುಲಿಯೋ. ಅಂಗಡಿಗಳ ಗಲ್ಲಾದ ಬಳಿ ಚೀಟಿ ಅಂಟಿಸಿ ಬಂದೆ. ಕೆಳಗೆ ನಮ್ಮ ಮನೆಯ ಫೋನ್ ನಂಬರು. ಅಕ್ಕನ ಯೋಚನೆ. "ಪ್ರೆಸ್ಸಲ್ಲಿ ಆ ಗದ್ದಲದೊಳಗೆ ಫೋನ್ ಯಾರಿಗೆ ಕೇಳುತ್ತೆ?"

ಮಾರ್ಚ್ 30, ಭಾನುವಾರ

ನಲವತ್ತು ಅಂಗಿ ಮುಗಿದವು. ಶಾಲೆಯವರಿಗೆ ಅಕ್ಕ, "ಕೊನೇ ಇಪ್ಪತ್ತೊಂಬತ್ತು ನನ್ನ ತಂಗಿ ಹೊಲಿದದ್ದು, ಜಗ್ಗಿ ಎಳೀಬೇಡಿ" ಎಂದು ಹೇಳಿಯೇ ಕೊಟ್ಟಳು. ಮೂರು ಜನ ಫೋನ್ ಮಾಡಿದ್ದರು. ಇಬ್ಬರು ಪುಸ್ತಕ ಬಿಚ್ಚಿಯೇ ಇಲ್ಲ. ಒಬ್ಬರು ಬರೀ ಹಣ್ಣು ತಿನ್ನುತ್ತಿದ್ದಾರಂತೆ, ಹೊಟ್ಟೆ ಚೆನ್ನಾಗಿದೆಯಂತೆ, ಎಷ್ಟು ಚೆನ್ನಾಗಿದೆ ಎಂಬುದನ್ನು ವಿವರವಾಗಿ ಹೇಳಿದರು.

ಏಪ್ರಿಲ್ 5, ಶನಿವಾರ

ಅಕ್ಕನ ಕೈಗೆ ಪಟ್ಟಿ ಇಲ್ಲ. ಕಂದು ಕಲೆ, ಯಾವುದೋ ದೇಶದ ನಕ್ಷೆಯ ಹಾಗೆ. ಹತ್ತಿಯ ಕೈಗವಸು ಹಾಕಿಕೊಂಡು ಯಂತ್ರಕ್ಕೆ ಕೂತಿದ್ದಳು. ನಾನು ಅಡುಗೆಮನೆಯಲ್ಲಿ ಪ್ರೂಫ್ ನೋಡುತ್ತಿದ್ದೆ. ತಟತಟ ನಿಂತರೆ ಕತ್ತೆತ್ತಿ ನೋಡುವ ಅಭ್ಯಾಸವಾಗಿದೆ. ಕೋಣೆಯ ಮನೆಯೊಡತಿಗೆ ಇನ್ನೂ ತಿರುಗಿ ಫೋನ್ ಮಾಡಿಲ್ಲ.

ಫೋನ್ ಬಂತು. ಅಕ್ಕ ಎತ್ತಿದಳು. "ಹೌದು. ಹೌದಮ್ಮ, ನಾನೇ ಕೈ ಸುಟ್ಕೊಂಡೋಳು. ಮಗಳಿಗಾ? ಹಚ್ಚಿದ್ದೀರಾ? ಅಯ್ಯೋ, ಇನ್ನೂ ಇಲ್ವಾ, ಬದುಕಿದೆ! ತಾಳಿ, ನನ್ನ ತಂಗಿಗೆ ಕೊಡ್ತೀನಿ. ಪುಸ್ತಕದ ವಿಷಯ ಅವಳನ್ನೇ ಕೇಳಿ."

ಬೇಡ ಎಂದು ಕೈಯಾಡಿಸಿದೆ. ಅಕ್ಕ ಫೋನನ್ನು ನನ್ನ ಕಿವಿಗೇ ಹಿಡಿದಳು.

ಚಿಕ್ಕ ವಯಸ್ಸಿನ ಹೆಂಗಸಿನ ಧ್ವನಿ. ಮಗಳ ಮೊಣಕೈಯಲ್ಲಿ ನರಹುಲಿ, ಎದುರು ಮನೆಯಲ್ಲಿ ಗಿಡ. ಇವತ್ತು ಎಳೆಗಾಯಿ ಕಿತ್ತು ತಂದು, ಪುಸ್ತಕ ಬಿಚ್ಚಿಟ್ಟುಕೊಂಡು ಕೂತಿದ್ದಾರೆ. ಅಂಗಡಿಯಲ್ಲಿ ಚೀಟಿ ಕಂಡದ್ದು ಆಗ ನೆನಪಾಯಿತಂತೆ. "ನಿಧಾನಕ್ಕೆ ಹೇಳಿ, ಬರ್ಕೊತೀನಿ. ಒಂದ್ ನಿಮಿಷ, ಪೆನ್ನು."

ಕಾದೆ. ಪೆನ್ನು ಸಿಕ್ಕಿತು. ಹಚ್ಚಬೇಡಿ ಎಂದೆ. ಕಾಯಿ ಮುಟ್ಟಿದ ಕೈ ತೊಳೆದುಕೊಳ್ಳಿ, ಮಗಳ ಕೈಯನ್ನೂ, ಸೋಪು ಹಾಕಿ. ಇವತ್ತು ನಾಳೆ ಇಬ್ಬರೂ ಬಿಸಿಲಿಗೆ ಹೋಗಬೇಡಿ. ನರಹುಲಿ ಡಾಕ್ಟರಿಗೆ ತೋರಿಸಿ. ಒಂದೊಂದನ್ನೂ ಆಕೆ ತಿರುಗಿ ಹೇಳಿ ಬರೆದುಕೊಂಡರು.

"ಹಣ್ಣಾದ್ರೂ ಕೊಡಬಹುದಾ?"

"ಕೊಡಬಹುದು."

"ಎಷ್ಟು?"

ಪುಸ್ತಕದಲ್ಲಿ ಒಂದು ಕಡೆ ಮೂರು ಎಂದಿದೆ, ಇನ್ನೊಂದು ಕಡೆ ಏಳು. ಅಕ್ಕ ಸೂಜಿ ಮೇಲೆತ್ತಿ ನನ್ನನ್ನೇ ನೋಡುತ್ತಿದ್ದಳು.

"ಅದು ನನಗೆ ಗೊತ್ತಿಲ್ಲಮ್ಮ" ಎಂದೆ.

ಆ ಕಡೆ ಕಾಗದದ ಮೇಲೆ ಪೆನ್ನು ಸರಿಯುವ ಸದ್ದು ಕೇಳಿಸಿತು. ಅದನ್ನೂ ಬರೆದುಕೊಳ್ಳುತ್ತಿದ್ದರು.